ಬಂಡಳ್ಳಿಯಲ್ಲಿ ಹೆಣ್ಣು ನೋಡಿದ್ದು

ಹಡಗಿನ ಕೆಲಸದಿಂದ ರಜೆಗೆ ಬಂದಿದ್ದ ನನ್ನನ್ನು ಅಮ್ಮ ಬಂಡಳ್ಳಿಗೆ ಹೆಣ್ಣು ನೋಡಲು ಕರೆದುಕೊಂಡು ಹೋದಳು. ಹುಡುಗಿ ತಟ್ಟೆ ಹಿಡಿದು ಬಂದು ಎದುರಿಗೆ ನಿಂತಾಗ ನಾನು ಗೊರಕೆ ಹೊಡೆಯುತ್ತಿದ್ದೆ. ಅದೂ ಮಟಮಟ ಮಧ್ಯಾಹ್ನ. ಅಮ್ಮ ತೊಡೆ ಚಿವುಟಿ ಎಬ್ಬಿಸುವಷ್ಟರಲ್ಲಿ ಹುಡುಗಿ ಒಳಗೆ ಹೋಗಿಯಾಗಿತ್ತು.

ಅವಳ ಅಪ್ಪ ನಿಧಾನವಾಗಿ ಕೇಳಿದರು, "ಅಡಗಲ್ಲಿ ಏನಪ್ಪಾ ನಿನ್ ಕೆಲ್ಸ?"

"ಮುಂದೆ ಏನಾದ್ರೂ ಅಡ್ಡ ಬಂದದಾ ಅಂತ ನೋಡ್ತಾ ನಿಂತಿರಾದು," ಎಂದೆ. ಅವರ ಮೀಸೆ ಅಲುಗಿತು.

ಮಾನ ಉಳಿಸಿಕೊಳ್ಳಲು ವಿವರಿಸಿದೆ. ನಮ್ಮ ಸಾಹೇಬರು ವಾರವಾರವೂ ಪಾಳಿ ಬದಲಿಸುತ್ತಾರೆ. ಈ ವಾರ ಬೆಳಗಿನ ಕಾವಲು, ಮುಂದಿನ ವಾರ ನಡುರಾತ್ರಿಯದು. ಮೈ ಒಂದಕ್ಕೆ ಒಗ್ಗುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಯಾರಿಗೂ ಅನ್ಯಾಯ ಆಗಬಾರದೆಂದು ಅವರ ಕಾಳಜಿ. ಹಾಗಾಗಿ ನಾವೆಲ್ಲ ಸರಿಸಮನಾಗಿ ತೂಕಡಿಸುತ್ತೇವೆ.

"ನಮ್ಮೂರಲ್ಲಿ ರಾಗಿ ಒಲಕ್ಕೆ ಅಂದಿ ನುಗ್ಗದಂಗೆ ರಾತ್ರಿಯೆಲ್ಲ ಕಾಯೋನು ಕುಯ್ಲು ಮುಗಿಯೋಗಂಟ ಒಬ್ನೇ ಕಣಪ್ಪಾ. ಒತ್ತಾರೆ ಅವನ್ನ ಎಬ್ಬುಸ್ದೋರ್ಗೆ ಊರೋರೆಲ್ಲ ಉಗೀತಾರೆ. ರಾಗಿಗಿರೋ ಬೆಲೆ ನಿಮ್ಮಡಗಿಗೆ ಇಲ್ವಾ?" ಎಂದ ಅವರು ಮತ್ತೆ, "ನಿಮ್ ಸಾಯೇಬ್ರು ಯಾವಾಗ ಮನಿಕತಾರೆ?" ಎಂದರು.

"ರಾತ್ರಿ. ದಿನಾ ರಾತ್ರಿ."

"ಅದ್ಕೇ ಅವ್ರ್ಗೆ ಇಂಥಾ ಬುದ್ಧಿಯೆಲ್ಲ ಓಡ್ತದೆ."

ಆ ಮನೆಯವರು ನನಗೆ ಚಾಪೆ ಕೊಟ್ಟರು, ದಿಂಬು ಕೊಟ್ಟರು. ಹೆಣ್ಣು ಕೊಡಲಿಲ್ಲ.

ಹಡಗಿಗೆ ವಾಪಸಾದ ಮೇಲೆ ಇದನ್ನೆಲ್ಲ ಸಾಹೇಬರಿಗೆ ಹೇಳಿದೆ. ಆಗಷ್ಟೇ ಎದ್ದು ಆಕಳಿಸುತ್ತಿದ್ದ ಅವರು ಬಹಳ ಮರುಗಿದರು. ನನಗೊಂದು ಬದಲಾವಣೆ ಬೇಕೆಂದು ಅವರಿಗೆ ತೋಚಿತು. ಅವತ್ತೇ ನನ್ನ ಪಾಳಿ ಬದಲಿಸಿದರು.