ಸಾಹೇಬರ ಟ್ಯಾಂಕಿಗೆ ನಮ್ಮ ಹೊಲದ ಮಣ್ಣು

ಅಂಗೈ ಮೇಲಿನ ಪ್ಲಾಸ್ಟಿಕ್ ಟ್ಯಾಂಕನ್ನು ತಿರುಗಿಸಿ ನೋಡಿದ ಬಾಷಾ ಸಾಹೇಬರು ನಕ್ಕೇಬಿಟ್ಟರು. ಸೈನ್ಯದಲ್ಲಿ ಟ್ಯಾಂಕ್ ಓಡಿಸಿ, ನಿವೃತ್ತರಾಗಿ ಹೊಸದುರ್ಗಕ್ಕೆ ಮರಳಿದವರು ಅವರು. ಅವರು ಓಡಿಸಿದ ಟ್ಯಾಂಕಿನದೇ ಮಾದರಿಯನ್ನು ಜೋಡಿಸಿ, ಬಣ್ಣ ಬಳಿದು, ಬಳಸಿ ಹಳೆಯದಾದಂತೆ ಕಾಣಿಸಲು ನನಗೆ ಮೂರು ತಿಂಗಳು ಹಿಡಿದಿತ್ತು. ತಮ್ಮದೆಂದು ಒಪ್ಪುತ್ತಾರೋ ಇಲ್ಲವೋ ಎಂದು ಅವರ ಮುಖವನ್ನೇ ನೋಡುತ್ತಿದ್ದೆ.

“ಏನಪ್ಪ, ನಾನು ಓಡ್ಸಿದ್ದು ರಾಜಸ್ಥಾನದ ಮರಳಾಗೆ. ಇದಕ್ಕೆ ನಿಮ್ಮ ಮಾಡದಕೆರೆ ಕೆಮ್ಮಣ್ಣು ಮೆತ್ಕಂಡೈತಲ್ಲ, ಹೊಲ ಉಳಾಕೆ ಹೋಗಿತ್ತಾ?”

ಅವರ ಮಾತು ನಿಜವಾಗಿತ್ತು. ಧೂಳಿಗೆಂದು ನಾನು ಜರಡಿ ಹಿಡಿದು ಸವರಿದ್ದು ನಮ್ಮ ಹೊಲದ ಮಣ್ಣನ್ನೇ. ಚೀಲದಲ್ಲಿದ್ದ ಕುಂಚ, ಬಣ್ಣದ ಪುಡಿ ತೆಗೆದು, ಅಲ್ಲೇ ಕುಳಿತು ಕೆಂಪನ್ನೆಲ್ಲ ಒರೆಸಿ ಮರಳಿನಂಥ ಮಾಸಲು ಹಳದಿ ಸವರಿದೆ. ಆಗ ಸಾಹೇಬರು ನನ್ನ ಜೇಬಿನ ಪೆನ್ಸಿಲ್ ತೆಗೆದುಕೊಂಡು, ಚಾಲಕ ಒಳಗಿಳಿಯುವ ಕಿಂಡಿಯ ಎಡ ಅಂಚನ್ನು ಮೆಲ್ಲಗೆ ಉಜ್ಜಿದರು. ಪೆನ್ಸಿಲ್ಲಿನ ಸೀಸದ ಹೊಳಪು ಹತ್ತಿ, ಹಸಿರು ಬಣ್ಣ ಸವೆದು ಒಳಗಿನ ಕಬ್ಬಿಣವೇ ಹೊಳೆದಂತಾಯಿತು.

“ದಿನಾ ನನ್ನ ಬೂಟು ಉಜ್ತಿದ್ದುದು ಇಲ್ಲೇ. ಈಗ ನೋಡಪ್ಪ, ಇದು ನಂದು,” ಎಂದರು. ಆಮೇಲೆ ಅದನ್ನು ಕೆಳಗಿಡಲೇ ಇಲ್ಲ.

ಈಗ ಯಾವ ವಾಹನದ ಮಾದರಿ ಕೈಗೆತ್ತಿಕೊಂಡರೂ, ಬಣ್ಣದ ಡಬ್ಬಿ ತೆರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಹತ್ತಿದವನು ಎಲ್ಲಿ ಕಾಲಿಡುತ್ತಿದ್ದ?