ರಘೋತ್ತಮನ ಕುಂಕುಮ ದಂಡಯಾತ್ರೆ

ಸಾಂಕ್ರಾಮಿಕ ರೋಗಗಳ ಮೇಲೆ ಸಮೀಕರಣಗಳ ದಂಡೆತ್ತಿ ಹೋಗುವುದು ರಘೋತ್ತಮನ ಉದ್ಯೋಗ. ಕೌಂಟಿಯ ಆರೋಗ್ಯ ಕಚೇರಿಯ ಕಂಪ್ಯೂಟರಿನೊಳಗೆ ಅವನು ಇಡೀ ಊರನ್ನು ಮೂರು ಕೋಣೆಗಳಲ್ಲಿ ಕೂಡಿಹಾಕಿದ್ದ: ರೋಗ ಇನ್ನೂ ತಗುಲದವರು, ತಗುಲಿದವರು, ವಾಸಿಯಾದವರು. ಯಾರು ಯಾರನ್ನು ಎಷ್ಟು ಭೇಟಿಯಾಗುತ್ತಾರೆಂದು ತಿಳಿಸಿದರೆ ಸಾಕು, ರೋಗ ಎತ್ತ ಹೊರಟಿದೆಯೆಂದು ಹೇಳಿಬಿಡುತ್ತಿದ್ದ. ಮಹಾಮಾರಿಗಳೂ ಅವನಿಗೆ ಹೆದರುತ್ತಿದ್ದವು. ಹೆಂಡತಿ ವಸುಧಾ ಮಾತ್ರ ಹೆದರುತ್ತಿರಲಿಲ್ಲ.

೧೯೮೭ರ ನವರಾತ್ರಿ. ಕಡಲಾಚೆಯ ಬೆರ್ರಿಯೆಸಾ ಬಡಾವಣೆಯ ಅವರ ಮನೆಯಲ್ಲಿ ಗೊಂಬೆ ಕೂರಿಸಿದ್ದರು. ಸಂಜೆಯಾದರೆ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಗೊಂಬೆ ನೋಡಲು, ಅರಿಶಿನ ಕುಂಕುಮ ಪಡೆಯಲು ಮನೆಯಿಂದ ಮನೆಗೆ ಹೊರಡುತ್ತಿದ್ದರು. ಅಷ್ಟರಲ್ಲಿ ನೆರೆಯ ಪದ್ಮಜಾಳ ಮಗಳಿಗೆ ಮೈತುಂಬ ನೀರುಗುಳ್ಳೆ ಎದ್ದವು. ಚಿಕನ್‌ಪಾಕ್ಸು, ನಮ್ಮೂರ ಮಾತಿನಲ್ಲಿ ‘ಅಮ್ಮ’. ಹಿಂದಿನ ಸಂಜೆಯಷ್ಟೇ ಅವಳು ವಸುಧಾಳ ಮಡಿಲಲ್ಲಿ ಕುಳಿತು ಕೋಸಂಬರಿ ತಿಂದಿದ್ದಳು. ಅವಳ ಕ್ಲಾಸಿನ ಇನ್ನಷ್ಟು ಮಕ್ಕಳು, ಗುಳ್ಳೆ ಏಳುವ ಮುನ್ನವೇ ರೋಗ ಹಂಚುತ್ತ, ಶುಕ್ರವಾರ ಬರುವವರಿದ್ದರು. ಶಾಲೆ, ಬಸ್ಸು, ಗ್ರೋಸರಿ ಅಂಗಡಿಗಳನ್ನೆಲ್ಲ ಸಮೀಕರಣಕ್ಕೆ ಸೇರಿಸಿದ್ದ ಮಹಾಶಯ ತನ್ನ ಮನೆಯ ಗೊಂಬೆಗಳನ್ನೇ ಮರೆತಿದ್ದ.

ಶುಕ್ರವಾರವೇ ಲಿವರ್‌ಮೋರಿನಿಂದ ವಸುಧಾಳ ತಂಗಿ ಮೈಥಿಲಿಯೂ ಬರುವವಳಿದ್ದಳು. ಚೊಚ್ಚಲ ಬಸುರಿ. ಅವಳಿಗೆ ಚಿಕ್ಕಂದಿನಲ್ಲಿ ಅಮ್ಮ ಆಗಿರಲಿಲ್ಲ. ಈಗ ಆದರೆ ತಾಯಿಗೂ ಮಗುವಿಗೂ ಅಪಾಯ.

"ಈ ಸಲ ಯಾರೂ ಯಾರ ಮನೆಗೂ ಹೋಗೋದು ಬೇಡ," ಎಂದ ರಘೋತ್ತಮ.

"ಕರೆದು ಕ್ಯಾನ್ಸಲ್ ಮಾಡೋಕೆ ಇದೇನು ನಿಮ್ಮ ಆಫೀಸಿನ ಮೀಟಿಂಗಾ? ತಾಯಿ ಹತ್ತಿರ ಇಲ್ಲ ಅಂತ ಅವಳು ಆಗಲೇ ಅಳ್ತಿದಾಳೆ. ಬಸುರಿಗೆ ಕುಂಕುಮ ತಪ್ಪಿಸಿದ ಭಾವ ಅನ್ನಿಸ್ಕೊಳ್ಳಿ."

ರಘೋತ್ತಮ ತನ್ನ ಕೋಣೆಗಳ ಧ್ಯಾನಕ್ಕೆ ಕುಳಿತ. ವಾಸಿಯಾದವರು ರೋಗ ಪಡೆಯುವುದೂ ಇಲ್ಲ, ಕೊಡುವುದೂ ಇಲ್ಲ. ಹಾಗಾದರೆ ತಿರುಗಾಟವೂ ಅವರದೇ ಆಗಲಿ. ಮನೆಮನೆಗೆ ಫೋನು ಹೋಯಿತು: "ನಿಮಗೆ ಅಮ್ಮ ಆಗಿತ್ತಾ?" ಆಗಿದ್ದವರು ಹೆಂಗಸರಾಗಲಿ ಗಂಡಸರಾಗಲಿ ತಟ್ಟೆ ಹಿಡಿದು ಹೊರಡಬೇಕು, ಆಗದವರಿಗೂ ಮಕ್ಕಳಿಗೂ ಮನೆವಾಸ. ತಂಗಿಯಂತೆ ವಸುಧಾಳಿಗೂ ಆಗಿರಲಿಲ್ಲ. ಆ ಮನೆಯಲ್ಲಿ ಬೇವಿನೆಲೆಯ ಮೇಲೆ ಮಲಗಿ ಎದ್ದ ವೀರ ರಘೋತ್ತಮನೊಬ್ಬನೇ.

ಶುಕ್ರವಾರ ಸಂಜೆ, ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದು ಕೂರಿಸಿದ ಕುಂಕುಮದ ತಟ್ಟೆಯೊಡನೆ, ರಘೋತ್ತಮನ ಒಂಟಿ ದಂಡು ಲಿವರ್‌ಮೋರಿನತ್ತ ಫ್ರೀವೇ ಹತ್ತಿತು.

ಬಾಗಿಲು ತೆರೆದ ಮೈಥಿಲಿ ಅವನ ಬೆನ್ನ ಹಿಂದೆ ಹುಡುಕಿದಳು. "ಅಕ್ಕ ಎಲ್ಲಿ ಭಾವ? ಗಂಡಸರು ಕುಂಕುಮ ಕೊಡ್ತಾರಾ ಎಲ್ಲಾದ್ರೂ?"

"ನಾನೆಲ್ಲಿ ಕೊಡ್ತಿದೀನಿ? ತಟ್ಟೆ ಹಿಡ್ಕೊಂಡಿರ್ತೀನಿ, ನೀನೇ ಇಟ್ಕೋ. ಕೊಟ್ಟಿದ್ದು ನಿಮ್ಮಕ್ಕ ಅಂತ ಲೆಕ್ಕ."

ಮೈಥಿಲಿ ಅಷ್ಟಕ್ಕೇ ಬಿಡಲಿಲ್ಲ. "ನಮ್ಮನೆ ಗೊಂಬೆ ಮುಂದೆ ಹಾಡು ಹೇಳದೆ ಹೋಗೋ ಹಾಗಿಲ್ಲ."

ಮಹಾಮಾರಿಗಳ ವೈರಿ ಚಕ್ಕಳಮಕ್ಕಳ ಹಾಕಿ ಕುಳಿತು ಹಾಡಿದ. ಮೈಥಿಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು; ನಗುತ್ತಲೇ ಕುಂಕುಮ ಇಟ್ಟುಕೊಂಡಳು.

ದೀಪಾವಳಿಗೆ ಮುಂಚೆ ವಸುಧಾಳ ಮೈಮೇಲೆ ಗುಳ್ಳೆ ಎದ್ದವು. ಮಲಗಿದಲ್ಲಿಂದಲೇ ಲಿವರ್‌ಮೋರಿಗೆ ಫೋನು ಮಾಡಿ, ತುಂಬ ಹೊತ್ತು ಕೇಳಿಸಿಕೊಂಡು, ಕೆಳಗಿಟ್ಟಳು.

"ಅವಳಿಗೆ ಒಂದೂ ಎದ್ದಿಲ್ವಂತೆ," ಎಂದಳು. "ನೀವೇನೂ ಬೀಗಬೇಡಿ."

"ಮುಖ ಕೆರ್ಕೋಬೇಡ, ಕಲೆ ಉಳಿಯುತ್ತೆ," ಎಂದ ರಘೋತ್ತಮ.

ಅವಳು ಕೆರೆದುಕೊಳ್ಳುತ್ತಿರಲಿಲ್ಲ, ಕಣ್ಣು ಒರೆಸಿಕೊಳ್ಳುತ್ತಿದ್ದಳು.