ದೇವರು ಕೂತ ಕೇಬಲ್ ಪೆಟ್ಟಿಗೆ

ನಮ್ಮತ್ತೆಗೆ ಕಣ್ಣು ಕಾಣುವುದಿಲ್ಲ. ಆದರೂ ಲ್ಯಾಂಡ್‌ಲೈನಿನ ಗುಂಡಿಗಳ ಮೇಲೆ ಬೆರಳಾಡಿಸಿ ಕುಷ್ಟಗಿಯಲ್ಲಿರುವ ತಂಗಿಗೆ ತಾವೇ ಫೋನ್ ಹಚ್ಚುತ್ತಾರೆ. ಬಾಗಿಲು ಮುಂದಕ್ಕೆ ಮಾಡಿಕೊಂಡು ಹೇಳುವುದೆಲ್ಲ ನನ್ನ ಮೇಲಿನ ದೂರೇ. ನಮ್ಮ ಸಾರಿಗೆ ಉಪ್ಪು ಹೆಚ್ಚಾದದ್ದು ನನಗಿಂತ ಮೊದಲು ಕುಷ್ಟಗಿಗೆ ಗೊತ್ತಾಗುತ್ತದೆ. ಇರಲಿ, ಮುದುಕಿಯ ಮನಸ್ಸು ಹಗುರಾಗುತ್ತದಲ್ಲ ಎಂದು ಸುಮ್ಮನಿದ್ದೆ.

ಹೋದ ಮಳೆಗಾಲದಲ್ಲಿ ಆ ಫೋನ್ ಡೆಡ್ ಆಯಿತು. ಮೊಬೈಲ್ ಹಚ್ಚಿ ಕೊಟ್ಟರೆ ಅತ್ತೆ ಮುಟ್ಟಲಿಲ್ಲ.

"ನೀ ನಂಬರ್ ಒತ್ತಿ ಬಾಜೂಕ ಕುಂತ್ರ ನಾ ಏನ ಮಾತಾಡ್ಲಿ?" ಎಂದು ಮುಖ ತಿರುಗಿಸಿದರು. ಊಟವೂ ಅರ್ಧವಾಯಿತು.

ಗಂಗಾವತಿಯ ನಮ್ಮ ಓಣಿಗೆ ಟೆಲಿಫೋನ್ ಎಕ್ಸ್‌ಚೇಂಜಿನಿಂದ ನೆಲದೊಳಗೆ ದಪ್ಪ ಕೇಬಲ್ ಬರುತ್ತದೆ. ಅದರೊಳಗಿನ ತಾಮ್ರದ ತಂತಿಗಳು ಮೂಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಕವಲೊಡೆದು, ಜೋಡಿ ಜೋಡಿಯಾಗಿ ಮನೆಗಳಿಗೆ ಹೋಗುತ್ತವೆ. ಲೈನ್‌ಮನ್ ಬಂದ, ದೋಷ ಪೆಟ್ಟಿಗೆಯೊಳಗೇ ಇದೆ ಎಂದ, ಅದಕ್ಕೆ ಕೈಮುಗಿದ, ಹೊರಟೇಬಿಟ್ಟ!

"ದೇವರ ಮ್ಯಾಲ ಕೈ ಹಚ್ಚಂಗಿಲ್ರೀ ಅಮ್ಮಾರ."

ಆ ಮೂಲೆಯಲ್ಲಿ ಗಂಡಸರು ಉಚ್ಚೆ ಹೊಯ್ಯುತ್ತಾರೆಂದು ಓಣಿಯವರು ಪೆಟ್ಟಿಗೆಯ ಬಾಗಿಲಿಗೆ ದೇವರ ಪಟ ಅಂಟಿಸಿದ್ದರು. ಪಟಕ್ಕೆ ಕುಂಕುಮ ಬಂತು, ಊದುಬತ್ತಿ ಬಂತು, ಕೊನೆಗೆ ಬಾಗಿಲು ತೆರೆಯದಂತೆ ಸಿಮೆಂಟಿನ ಕಟ್ಟೆಯೂ ಎದ್ದಿತು.

ನನಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿಯಿತು. ಇಲ್ಲಿ ಹೊಯ್ಯಬೇಡಿರೋ ಎನ್ನಲು ಬಾಯಿಲ್ಲದ ಜನ ದೇವರನ್ನು ಕಾವಲಿಗೆ ಕೂರಿಸಿದ್ದರು. ಈಗ ಆ ದೇವರ ಹೆಸರಲ್ಲೇ ಕಣ್ಣಿಲ್ಲದವಳ ಬಾಯಿಯನ್ನೂ ಕಟ್ಟಿದ್ದರು. ಓಣಿಯ ಹಿರಿಯರು ಅದೇ ಕಟ್ಟೆಯ ಮೇಲೆ ಕೂತು, "ಬಿಡವಾ, ಈಗ ಯಾರ್ ಲ್ಯಾಂಡ್‌ಲೈನ್ ಇಟ್ಕೊಂಡಾರ?" ಎಂದು ನಕ್ಕರು.

"ದೇವ್ರನ್ನ ನಮ್ಮನಿ ಗ್ವಾಡಿಗೆ ಕುಂದ್ರಸ್ರಿ, ದಿನಾ ನಾನ ದೀಪಾ ಹಚ್ಚತೀನಿ. ಮೊದಲ ಆ ಬಾಗಲಾ ಬಿಡ್ರಿ!" ಎಂದು ಒದರಿದೆ.

ನನ್ನ ಬಾಯಿಗೆ ಹೆದರಿ ಒಪ್ಪಿದರು. ಪಟ ನಮ್ಮ ಗೋಡೆಗೆ ಬಂತು, ಗೌಂಡಿಯನ್ನು ಕರೆಸಿ ಕಟ್ಟೆ ಒಡೆಸಿದೆ. ಲೈನ್‌ಮನ್ ಮತ್ತೆ ಬಂದು ಹಸಿರುಗಟ್ಟಿದ ತಂತಿಯ ತುದಿ ಕತ್ತರಿಸಿ ಜೋಡಿಸಿದ್ದು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ.

ಸಂಜೆ ರಿಸೀವರಿನಲ್ಲಿ ಗುಂಯ್ ಎನ್ನುವ ಸದ್ದು ಕೇಳಿ ಅತ್ತೆಯ ಮುಖ ಅರಳಿತು. ಬಾಗಿಲು ಮುಂದಕ್ಕೆ ಮಾಡಿಕೊಂಡರು. ನಾನು ಅಡುಗೆಮನೆಯಲ್ಲಿದ್ದೆ, ಬೇಡವೆಂದರೂ ಕಿವಿಗೆ ಬಿತ್ತು.

"ಲೈನ್ ಕಡಿಸಿದಾಕಿ ಸೊಸೀನವಾ, ನಾ ನಿನಗ ಏನೂ ಹೇಳಬಾರದಂತ. ದೇವ್ರು ನಮ್ಮನಿ ಗ್ವಾಡಿಗೆ ಬಂದ ನೋಡು, ಆಗ ಲೈನ್ ಬಂತು."

ದೂರುವುದಿದ್ದರೆ ಮಾಡಿದ ತಪ್ಪನ್ನೇ ದೂರಲಿ ಎಂದು, ಒಲೆಯ ಮೇಲಿದ್ದ ಸಾರಿಗೆ ಬೇಕಂತಲೇ ಇನ್ನೊಂದು ಹಿಡಿ ಉಪ್ಪು ಸುರಿದೆ.